ಪಡಸಾಲೆಯ ಏಕೈಕ ಪ್ರಜೆ

ನನಗೆ ಅನ್ಯಾಯವಾಗುತ್ತಿದೆ ಎಂದು ಮೊದಲು ಗೊತ್ತಾದದ್ದು ಒಂದು ಸೀದ ಒಬ್ಬಟ್ಟಿನಿಂದ.

ಅವತ್ತು ಯುಗಾದಿಯ ಮಾರನೆಯ ದಿನ. ನಾನು 'ಅಧಿಕಾರ ವಿಕೇಂದ್ರೀಕರಣ ಮತ್ತು ಒಳಗೊಳ್ಳುವಿಕೆ: ಒಂದು ಮರುಚಿಂತನೆ' ಎಂಬ ಲೇಖನವನ್ನು ಬರೆದು ನಮ್ಮ ಬೀದಿಯ ಗುಂಪು, ಕಾಲೇಜಿನ ಗುಂಪು, ಎರಡೂ ಕಡೆಯ ನೆಂಟರ ಗುಂಪು, ಎಲ್ಲದಕ್ಕೂ ಮೊಬೈಲಿನಲ್ಲಿ ಹಾಕಿದ್ದೆ. (ಹದಿನಾಲ್ಕು ಭಾಗ. ಇಡಿಯಾಗಿ ಹಾಕಿದರೆ ಜನ ಗಾಬರಿಯಾಗುತ್ತಾರೆಂದು ಬಿಡಿಸಿ ಹಾಕಿದ್ದೆ.) ಸಂಜೆಯ ಹೊತ್ತಿಗೆ ಬಂದ ಪ್ರತಿಕ್ರಿಯೆ ಮೂರು. ಎರಡು ಕೈಮುಗಿದ ಚಿತ್ರ, ಒಂದು 'ಓಂ ಶಾಂತಿ'. ಅಷ್ಟುದ್ದ ಬರೆದಿರುವುದನ್ನು ನೋಡಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡರಂತೆ.

ಅದೇ ದಿನ ನನ್ನ ಹೆಂಡತಿ ಲೋಹಿತಾ ತಳಹಿಡಿದ ಒಂದು ಒಬ್ಬಟ್ಟಿನ ಫೋಟೋ ಹಾಕಿ, 'ಇದು ಪಾವಗಡ ತಾಲ್ಲೂಕಿನ ನಕ್ಷೆ ಥರ ಇದೆ ಅಲ್ವಾ?' ಎಂದು ಒಂದು ಸಾಲು ಬರೆದಳು. ನೂರಾ ಹನ್ನೆರಡು ಜನ ಮೆಚ್ಚಿದರು. ಪಾವಗಡದವರೊಬ್ಬರು ತಮ್ಮ ಊರು ಸೀದುಹೋದ ಭಾಗದಲ್ಲಿ ಬರುತ್ತದೆಯೇ ಎಂದು ವಿಚಾರಿಸಿದರು. ಸಿರಾದವರೊಬ್ಬರು ಅದು ನಮ್ಮ ಕೆರೆಯ ಥರ ಇದೆ ಎಂದು ವಾದ ಹೂಡಿದರು. ಚರ್ಚೆ ಎರಡು ದಿನ ನಡೆಯಿತು.

ನಾನು ಮಧುಗಿರಿಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ರಾಜ್ಯಶಾಸ್ತ್ರ ಹೇಳುತ್ತಿರುವವನು. ಹೆಸರು ಪ್ರಭುದೇವ್. ಹೆಂಡತಿಯ ಒಬ್ಬಟ್ಟಿನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣ ಮನುಷ್ಯನಲ್ಲ. ಆದ್ದರಿಂದ ಸಮಸ್ಯೆಯ ಮೂಲವನ್ನು ಶಾಸ್ತ್ರೀಯವಾಗಿ ಹುಡುಕಿದೆ. ಉತ್ತರ ಸಿಕ್ಕಿತು. ಈ ಆ್ಯಪುಗಳೆಲ್ಲ ಎಲ್ಲೋ ಕುಳಿತ ದೊಡ್ಡ ದೊಡ್ಡ ಕಂಪನಿಗಳ ಸ್ವತ್ತು; ಯಾರ ಮಾತು ಯಾರಿಗೆ ಮುಟ್ಟಬೇಕು ಎಂದು ಅವರ ಯಂತ್ರ ತೀರ್ಮಾನಿಸುತ್ತದೆ; ಆ ಯಂತ್ರಕ್ಕೆ ಚಿಂತನೆ ಎಂದರೆ ಅಲರ್ಜಿ. ಇದಕ್ಕೆ ಪರಿಹಾರವೂ ಇತ್ತು. ಮಾಲೀಕರೇ ಇಲ್ಲದ ವಿಕೇಂದ್ರೀಕೃತ ಜಾಲ. ಯಾರು ಬೇಕಾದರೂ ತಮ್ಮ ಮನೆಯಲ್ಲೇ, ತಮ್ಮದೇ ಕಂಪ್ಯೂಟರಿನಲ್ಲಿ ಒಂದು ತಾಣ ಶುರುಮಾಡಬಹುದು.

ಇದನ್ನು ಲೋಹಿತಾಗೆ ವಿವರಿಸಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು.

"ನೋಡು, ಮಧುಗಿರಿ ಒಂದು ತಾಣ ಅಂದುಕೋ. ಸಿರಾ ಒಂದು, ಕೊರಟಗೆರೆ ಒಂದು, ಪಾವಗಡ ಒಂದು. ಎಲ್ಲದಕ್ಕೂ ಅದರದೇ ಆಡಳಿತ, ಅದರದೇ ಕಾನೂನು. ಆದರೆ ಬಸ್ಸುಗಳು ಎಲ್ಲಾ ಕಡೆಗೂ ಓಡಾಡುತ್ವೆ. ಇಲ್ಲಿ ಕೂತು ಅಲ್ಲಿಯವರ ಜೊತೆ ಮಾತಾಡಬಹುದು."

"ಸರಿ."

"ಒಂದು ಊರಿನ ಆಡಳಿತ ಇಷ್ಟವಾಗಲಿಲ್ಲ ಅನ್ನು, ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗಿಬಿಡಬಹುದು. ನಿನ್ನ ಸ್ನೇಹಿತರ ಪಟ್ಟಿಯೂ ನಿನ್ನ ಹಿಂದೆಯೇ ಬರುತ್ತೆ. ಯಾರೂ ತಡೆಯೋ ಹಾಗಿಲ್ಲ. ಇದೇ ಇದರ ಸೌಂದರ್ಯ."

"ಅಂದ್ರೆ ಸಿಟ್ಟು ಬಂದಾಗ ತವರುಮನೆಗೆ ಹೋದಂಗೆ."

"ಅಷ್ಟು ಸರಳ ಅಲ್ಲ," ಎಂದೆ. ಹೆಚ್ಚು ಕಡಿಮೆ ಅಷ್ಟೇ ಇತ್ತು.

ಪಾವಗಡದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಓಬಳರಾಜು ನನ್ನ ಹಳೆಯ ವಿದ್ಯಾರ್ಥಿ. ನಲವತ್ತು ದಾಟಿದ್ದಾನೆ, ಈಗಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಭಾನುವಾರದ ಬಸ್ಸಿಗೆ ಬಂದ. ನನ್ನ ಹಳೆಯ ಲ್ಯಾಪ್‌ಟಾಪನ್ನು ತಿರುವಿ ಮುರುವಿ ನೋಡಿ, "ಅಯ್ಯೋ ಸಾರ್, ಇದು ನಂಗಿಂತ ಸೀನಿಯರು. ಪರ್ವಾಲೇದು, ಹಾಕಣ" ಎಂದು ಪಾವಗಡದ ತೆಲುಗು ಬೆರೆಸಿ ಹೇಳಿದ. ಯುಪಿಎಸ್ ಸಂಪರ್ಕ ಇರುವ ಪ್ಲಗ್ಗು ನಮ್ಮ ಮನೆಯಲ್ಲಿ ಒಂದೇ ಒಂದು. ಅದು ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕ. ಹೀಗಾಗಿ ಮಾಹಿತಿ ಸ್ವಾತಂತ್ರ್ಯದ ನಮ್ಮ ನೆಲೆಯು ಉಪ್ಪಿನಕಾಯಿ ಭರಣಿ ಮತ್ತು ಸಾಸಿವೆ ಡಬ್ಬಿಯ ನಡುವೆ ಸ್ಥಾಪನೆಯಾಯಿತು. ದಿನವೂ ಬೆಳಿಗ್ಗೆ ಎಂಟರಿಂದ ಎಂಟೂ ಇಪ್ಪತ್ತರವರೆಗೆ ತಾಂತ್ರಿಕ ಕಾರಣಗಳಿಂದ ಸೇವೆ ಇರುವುದಿಲ್ಲವೆಂದು ಪ್ರಕಟಣೆ ಹೊರಡಿಸಿದೆ. (ಚಟ್ನಿ.)

ತಾಣಕ್ಕೆ 'ಪಡಸಾಲೆ' ಎಂದು ಹೆಸರಿಟ್ಟೆ. ಎಲ್ಲರೂ ಬಂದು ಕೂರುವ ಜಾಗ ಎಂಬರ್ಥದಲ್ಲಿ. ಅನಂತರ ಅದಕ್ಕೊಂದು ಸಂವಿಧಾನ ಬರೆದೆ. ನಲವತ್ತೊಂದು ವಿಧಿ. ಬೆಳಗಿನ ಶುಭಾಶಯದ ಹೂವಿನ ಚಿತ್ರಗಳನ್ನು ಮೂರನೆಯ ವಿಧಿಯಲ್ಲೇ ನಿಷೇಧಿಸಿದೆ. ಆದರೆ ನನಗೆ ಅತ್ಯಂತ ಹೆಮ್ಮೆಯಿದ್ದದ್ದು ಏಳನೆಯ ವಿಧಿಯ ಬಗ್ಗೆ. 'ಯಾರೇ ಚಿತ್ರ ಹಾಕಿದರೂ, ಆ ಚಿತ್ರದಲ್ಲಿ ಏನಿದೆ ಎಂಬುದನ್ನು ಕಡ್ಡಾಯವಾಗಿ ಮಾತಿನಲ್ಲಿ ಬರೆಯತಕ್ಕದ್ದು.'

ಇದು ಬಸವಲಿಂಗಯ್ಯನಿಗಾಗಿ. ನಮ್ಮಿಂದ ಎರಡನೆಯ ಮನೆ. ಸಂಗೀತದ ಮೇಷ್ಟರಾಗಿದ್ದವನು, ನನ್ನ ಬಾಲ್ಯದ ಗೆಳೆಯ. ಹದಿನಾರು ವರ್ಷದ ಕೆಳಗೆ ಅವನ ಎರಡೂ ಕಣ್ಣು ಹೋದವು. ಅವನ ಫೋನು ಪರದೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿ ಹೇಳುತ್ತದೆ. ಬಸ್ ಸ್ಟ್ಯಾಂಡಿನಲ್ಲಿ 'ಕೊರಟಗೆರೆ-ತುಮಕೂರು-ತುಮಕೂರು' ಎಂದು ಕೂಗುವವರಿರುತ್ತಾರಲ್ಲ, ಆ ವೇಗದಲ್ಲಿ ಓದುತ್ತದೆ. ಅವನಿಗೆ ಅದೇ ಅಭ್ಯಾಸ. ಆದರೆ ಚಿತ್ರ ಬಂದರೆ ಮಾತ್ರ ಅದು 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇಡೀ ಊರು ದಿನಕ್ಕೆ ನೂರು ಫೋಟೋ ಕಳಿಸಿದರೆ ಅವನಿಗೆ ನೂರು ಸಲ 'ಚಿತ್ರ' ಎಂದು ಕೇಳುತ್ತದೆ.

ಸಂವಿಧಾನ ಓದಿಸಿಕೊಂಡು ಬಸವಲಿಂಗಯ್ಯ, "ಚೆನ್ನಾಗೈತೆ ಕಣ್ಲಾ ಪ್ರಭು. ಏಳ್ನೇದು ಒಂದೇ ಇದ್ದಿದ್ರೂ ಸಾಕಾಗಿತ್ತು" ಎಂದ. ಮೆಚ್ಚುಗೆಯೆಂದೇ ಸ್ವೀಕರಿಸಿದೆ.

ಸದಸ್ಯರ ನೋಂದಣಿ ನಡೆಯುತ್ತಿದ್ದಾಗ ಪಕ್ಕದ ಮನೆಯ ಕದರಮ್ಮ ಬಾಗಿಲಲ್ಲಿ ಬಂದು ನಿಂತರು. ಎರಡು ಎಮ್ಮೆ ಸಾಕಿಕೊಂಡು ಇಡೀ ಬೀದಿಗೆ ಹಾಲು ಹಾಕುವವರು.

"ಮೇಷ್ಟ್ರೆ, ಅದೇನೋ ಹೊಸದು ಮಾಡಿದ್ದೀರಂತೆ. ನನ್ನೂ ಸೇರಿಸ್ಕಳ್ಳಿ. ಲೋಹಿತಮ್ಮ ಹೇಳ್ತು."

"ಖಂಡಿತ. ಈ ಸಂವಿಧಾನ ಓದಿ, ಕೊನೆಯಲ್ಲಿ 'ಒಪ್ಪಿದೆ' ಅಂತ ಬರೆಯಬೇಕು ಅಷ್ಟೆ."

"ನಂಗೆಲ್ಲಿ ಓದಾಕೆ ಬರ್ತೈತೆ? ನಾನು ಮಾತಾಡಿ ಕಳಿಸ್ತೀನಿ ಬುಡಿ."

ತೊಡಕು ಅಲ್ಲೇ ಇತ್ತು. ಹದಿನೇಳನೆಯ ವಿಧಿಯಲ್ಲಿ ಧ್ವನಿ ಸಂದೇಶಗಳನ್ನು ನಿಷೇಧಿಸಿದ್ದೆ. ಪಡಸಾಲೆಯಲ್ಲಿ ಬರವಣಿಗೆಯ ಗಾಂಭೀರ್ಯ ಇರಬೇಕೆಂಬುದು ನನ್ನ ಆಶಯ. ಅದನ್ನು ಸಾಧ್ಯವಾದಷ್ಟು ಮೃದುವಾಗಿ ವಿವರಿಸಿ, ನಿಮ್ಮ ಪ್ರಕರಣವನ್ನು ಮುಂದೆ ಪರಿಶೀಲಿಸುತ್ತೇನೆ ಎಂದೆ. ಕದರಮ್ಮ, "ಅಂಗೇ ಆಗ್ಲಿ ಬುಡಿ" ಎಂದು ಹಾಲಿನ ಕ್ಯಾನು ಎತ್ತಿಕೊಂಡು ಹೋದರು.

ಲೋಹಿತಾ ಒಳಗಿನಿಂದ ಕೇಳಿಸಿಕೊಂಡಿದ್ದಳು. "ಹದಿನಾಲ್ಕು ಭಾಗ ಬರೆದ್ರಲ್ಲ, ಒಳಗೊಳ್ಳುವಿಕೆ ಅಂತ. ಅದರಲ್ಲಿ ಕದರಮ್ಮ ಯಾವ ಭಾಗದಲ್ಲಿ ಬರ್ತಾರೆ?"

"ಅದು ತಾತ್ವಿಕ ಲೇಖನ," ಎಂದೆ.

ಹನ್ನೊಂದು ಜನರೊಂದಿಗೆ ಪಡಸಾಲೆ ಆರಂಭವಾಯಿತು. ಉದ್ಘಾಟನೆಗೆ ನನ್ನದೇ ಒಂದು ಫೋಟೋ ಹಾಕಿದೆ. ಹಿಂದೆ ಮಧುಗಿರಿ ಬೆಟ್ಟ, ಮುಂದೆ ನಾನು. ಏಳನೆಯ ವಿಧಿಯಂತೆ ವಿವರಣೆಯನ್ನೂ ಬರೆದೆ: 'ಏಕಶಿಲೆಯ ಹಿನ್ನೆಲೆಯಲ್ಲಿ ದೂರದ ದಿಗಂತವನ್ನು ದಿಟ್ಟಿಸುತ್ತಿರುವ ಚಿಂತಕ.' ಆ ಫೋಟೋವನ್ನು ತೆಗೆದವಳು ಲೋಹಿತಾ. ಅವಳ ಬಳಿಯೂ ಇತ್ತು. ಅವಳೂ ಹಾಕಿದಳು. ಅವಳ ವಿವರಣೆ ಹೀಗಿತ್ತು:

'ಬೆಟ್ಟದ ಮುಂದೆ ನಮ್ಮ ಯಜಮಾನರು ನಿಂತಿದ್ದಾರೆ. ಬೆಟ್ಟದ ಥರಾನೇ ಇವರ ತಲೆ ಮೇಲೂ ಏನೂ ಬೆಳೆದಿಲ್ಲ, ಅಂಚಿನಲ್ಲಿ ಸುತ್ತ ಸ್ವಲ್ಪ ಕುರುಚಲು. ಹೊಟ್ಟೆ ಒಳಗೆ ಎಳಕೊಂಡಿದ್ದಾರೆ. ಉಸಿರು ಬಿಡೋಕೆ ಮುಂಚೆ ಫೋಟೋ ತೆಗೆಯೋಕೆ ನನಗೆ ಮೂರು ಸಲ ಬೇಕಾಯ್ತು. ದೂರಕ್ಕೆ ನೋಡ್ತಿದ್ದಾರೆ, ಅಲ್ಲಿ ಕಬ್ಬಿನ ಹಾಲಿನ ಗಾಡಿ ಇದೆ.'

ಹತ್ತು ನಿಮಿಷದಲ್ಲಿ ಬಸವಲಿಂಗಯ್ಯ ಕೋಲು ಕುಟ್ಟಿಕೊಂಡು ನಮ್ಮ ಮನೆಗೆ ಬಂದ. ಬಂದವನು ಕೂರಲಿಲ್ಲ.

"ಪ್ರಭು, ಇತ್ತ ಬಾರ್ಲಾ."

ಹೋದೆ. ಕೈಚಾಚಿ ನನ್ನ ತಲೆಯ ಮೇಲೆ ಇಟ್ಟ. ಹಣೆಯಿಂದ ಹಿಂದಿನವರೆಗೆ ನಿಧಾನವಾಗಿ ಒಂದು ಸಲ ಸವರಿದ. ನನ್ನ ಕೂದಲು ಒಂದು ಕಾಲಕ್ಕೆ ಬಾಚಣಿಗೆ ಮುರಿಯುವಷ್ಟು ದಟ್ಟವಾಗಿತ್ತು. ಅವನು ಕೊನೆಯ ಸಲ ನೋಡಿದ್ದು ಅದನ್ನೇ. ಈ ಹದಿನಾರು ವರ್ಷ ಅವನು ಆಗಾಗ, 'ನಿನ್ನ ಕೂದ್ಲಿಗೇನಪ್ಪಾ' ಎನ್ನುತ್ತಿದ್ದ. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅದು ಸುಳ್ಳಲ್ಲ. ಅವನು ಪ್ರಶ್ನೆಯಾಗಿ ಕೇಳಿರಲಿಲ್ಲ, ನಾನು ಉತ್ತರವಾಗಿ ಹೇಳಿರಲಿಲ್ಲ.

"ಯಾವಾಗ ಹೋಯ್ತೋ?"

"ಹಂತ ಹಂತವಾಗಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಬೇಜಾರು ಮಾಡ್ಕೋತೀಯ ಅಂತ."

ಅವನು ಗೋಡೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಕೂತು, ಮುಖ ಒರೆಸಿಕೊಂಡು, "ಅಲ್ಲಮ್ಮ ಲೋಹಿತಾ, ಹದಿನಾರು ವರ್ಷದಿಂದ ಎಲ್ರನ್ನೂ ಕೇಳ್ತೀನಿ. ಮನೆ ಹೆಂಗೈತೆ? ಚೆನ್ನಾಗೈತೆ. ಬಸ್ ಸ್ಟ್ಯಾಂಡ್ ಹೆಂಗೈತೆ? ಚೆನ್ನಾಗೈತೆ. ಯಾರೂ ನಂಗೆ ಹಿಂಗೆ ಹೇಳಿರ್ಲಿಲ್ಲ ಕಣಮ್ಮ. ಒಂದು ಫೋಟೋ ಕಳಿಸ್ತೀನಿ, ಬರೀತೀಯಾ?" ಎಂದ.

ಕಳಿಸಿದ್ದು ಅವನ ಮಗಳು ಸುನಿತಾಳ ಫೋಟೋ. ಅವನ ಕಣ್ಣು ಹೋದಾಗ ಅವಳಿಗೆ ಒಂಬತ್ತು ವರ್ಷ. ಈಗ ಸಿರಾದಲ್ಲಿ ಕೆಲಸದಲ್ಲಿದ್ದಾಳೆ. ಲೋಹಿತಾ ಅವತ್ತು ಸಾರಿಗೆ ಒಗ್ಗರಣೆ ಹಾಕುವುದನ್ನೂ ನಿಲ್ಲಿಸಿ ಕೂತು ಬರೆದಳು:

'ಹಸಿರು ಚೂಡಿದಾರ್. ತಾಯಿಯ ಮೂಗು. ಹುಬ್ಬು ಮಾತ್ರ ನಿಮ್ಮದೇ, ಎಡಗಡೆದು ಬಲಗಡೆದಕ್ಕಿಂತ ಸ್ವಲ್ಪ ಮೇಲೆ, ಯಾವಾಗಲೂ ಏನೋ ಕೇಳೋ ಹಾಗೆ. ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿದೆ. ಅದು ಕಾಣಬಾರದು ಅಂತ ತುಟಿ ಬಿಗಿ ಹಿಡಿದಿದ್ದಾಳೆ, ಆದರೆ ಫೋಟೋ ತೆಗೆಯೋರು ಏನೋ ತಮಾಷೆ ಮಾಡಿದ್ದಾರೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಜೋರಾಗಿ ನಕ್ಕುಬಿಡುತ್ತಿದ್ದಳು.'

ಬಸವಲಿಂಗಯ್ಯನ ಫೋನು ಅದನ್ನು ಎಂದಿನ ವೇಗದಲ್ಲಿ ಓದಿತು. ಅವನು ವೇಗವನ್ನು ಕಡಿಮೆ ಮಾಡಿಕೊಂಡು ಇನ್ನೊಮ್ಮೆ ಕೇಳಿದ. ಇನ್ನೂ ಕಡಿಮೆ ಮಾಡಿ ಮತ್ತೊಮ್ಮೆ ಕೇಳಿದ. ಆಮೇಲೆ ಕೋಲು ತಡಕಿಕೊಂಡು ಮನೆಗೆ ಹೋದ. ಏಳನೆಯ ವಿಧಿ ಯಶಸ್ವಿಯಾಗಿದೆ ಎಂದು ನಾನು ಕಡತದಲ್ಲಿ ಬರೆದುಕೊಂಡೆ.

ಅಲ್ಲಿಂದ ವಿಷಯ ನನ್ನ ಕೈ ಮೀರಿತು. ಬೇರೆ ಬೇರೆ ತಾಣಗಳಲ್ಲಿದ್ದ ಕಣ್ಣು ಕಾಣದವರು ಲೋಹಿತಾಳನ್ನು ಹಿಂಬಾಲಿಸತೊಡಗಿದರು. ಅವರ ಹಿಂದೆ ಕಣ್ಣು ಕಾಣುವವರೂ ಬಂದರು. ಅವರೆಲ್ಲ ಫೋಟೋ ನೋಡುವುದನ್ನು ಬಿಟ್ಟು ವಿವರಣೆಯನ್ನೇ ಓದುತ್ತಿದ್ದರು. ತಿಂಗಳಲ್ಲಿ ಅವಳಿಗೆ ಮುನ್ನೂರ ನಲವತ್ತು ಹಿಂಬಾಲಕರು. ನನಗೆ ನಾಲ್ಕು. (ಅದರಲ್ಲಿ ಒಬ್ಬ, ಪರೀಕ್ಷೆಗೆಂದು ನಾನೇ ಮಾಡಿಕೊಂಡ ಇನ್ನೊಂದು ಖಾತೆ.) ಈಗ ನನ್ನ ಲೇಖನಗಳನ್ನು ಯಾವ ಕಂಪನಿಯ ಯಂತ್ರವೂ ತಡೆಯುತ್ತಿರಲಿಲ್ಲ. ಜನರೇ ನೇರವಾಗಿ ಓದದೆ ಬಿಡುತ್ತಿದ್ದರು.

ಇದರ ನಡುವೆ ಕದರಮ್ಮ ದಿನವೂ ಹಾಲು ಕೊಟ್ಟು ನಮ್ಮ ಅಡುಗೆಮನೆಯಲ್ಲೇ ಕೂರುವ ಅಭ್ಯಾಸ ಮಾಡಿಕೊಂಡರು. ಲೋಹಿತಾ ಫೋಟೋಗಳನ್ನು ತೋರಿಸುತ್ತಿದ್ದಳು, ಕದರಮ್ಮ ನೋಡಿ ಹೇಳುತ್ತಿದ್ದರು. ಆ ಹೆಂಗಸಿನ ಕಣ್ಣು ಬಹಳ ಸೂಕ್ಷ್ಮ. ಮದುವೆಮನೆಯ ಒಂದು ಫೋಟೋ ನೋಡಿ, "ಮದ್ವೆ ಗಂಡಿನ ಅಮ್ಮ ನಗ್ತಾವ್ಳೆ, ಕೈ ನೋಡು, ಸೆರಗು ಹೆಂಗೆ ಹಿಂಡ್ತಾವ್ಳೆ. ಒಪ್ಪಿಗೆ ಇಲ್ಲ ಕಣಮ್ಮ ಅವಳ್ಗೆ" ಎಂದರು. ಲೋಹಿತಾ ಅವರ ಮಾತನ್ನು ಅವರದೇ ದನಿಯಲ್ಲಿ ಹಿಡಿದು, ಕೆಳಗೆ ಬರಹದಲ್ಲೂ ಹಾಕಿ, ಪಡಸಾಲೆಗೆ ಬಿಟ್ಟಳು. ಕೇಳುವವರಿಗೆ ಕೇಳಲು, ಕಿವಿ ಕೇಳದವರಿಗೆ ಓದಲು.

ಹದಿನೇಳನೆಯ ವಿಧಿಯ ಸ್ಪಷ್ಟ ಉಲ್ಲಂಘನೆ. ಆದರೂ ತಾಳ್ಮೆಯಿಂದಿದ್ದೆ. ತಾಳ್ಮೆ ತಪ್ಪಿದ್ದು ಒಂದು ಶನಿವಾರ ಮಧ್ಯಾಹ್ನ. ನಾನು ಆರಾಮಕುರ್ಚಿಯಲ್ಲಿ ಗ್ರಾಮಸ್ವರಾಜ್ಯದ ಬಗ್ಗೆ ಯೋಚಿಸುತ್ತಿದ್ದಾಗ ಅವರಿಬ್ಬರೂ ಫೋಟೋ ತೆಗೆದು ಹಾಕಿದರು. ಕದರಮ್ಮನ ದನಿ: "ಮೇಷ್ಟ್ರು ಬಾಯಿ ತಕ್ಕಂಡು ನಿದ್ದೆ ಹೊಡೀತಾವ್ರೆ. ಎದೆ ಮ್ಯಾಲೆ ಪುಸ್ತಕ ತಲೆಕೆಳಗಾಗೈತೆ. ನೊಣ ಒಂದು ಒಳೀಕ್ಕೆ ಹೋಗ್ಲೋ ಬ್ಯಾಡ್ವೋ ಅಂತ ಯೋಚ್ನೆ ಮಾಡ್ತೈತೆ." ಮಂಗಳೂರಿನಿಂದ ಕಲಬುರಗಿಯವರೆಗೆ ಜನ ಆ ನೊಣದ ಪರ ವಹಿಸಿ ಮಾತಾಡಿದರು.

ಸೋಮವಾರ ಬೆಳಿಗ್ಗೆ ಲೋಹಿತಾ ಫೋನು ಹಿಡಿದುಕೊಂಡು ಬಂದಳು.

"ರೀ, ನನ್ನ ಖಾತೆ ತೆರೀತಾ ಇಲ್ಲ."

"ತೆರೆಯುವುದಿಲ್ಲ. ವಿಧಿ ಹದಿನೇಳರ ಉಲ್ಲಂಘನೆಗಾಗಿ ಆಡಳಿತವು ಅದನ್ನು ಮೂರು ದಿನ ಅಮಾನತಿನಲ್ಲಿ ಇಟ್ಟಿದೆ."

"ಆಡಳಿತ ಅಂದ್ರೆ ಯಾರು?"

"ಆಡಳಿತ ಅಂದರೆ ಆಡಳಿತ."

"ಈಗ ನಾಲ್ಕು ಇಡ್ಲಿ ತಿಂದು ಇನ್ನೆರಡು ಕೇಳ್ತಲ್ಲ, ಅದೇನಾ?"

"ವೈಯಕ್ತಿಕ ವಿಷಯ ಬೇಡ. ಕಾನೂನಿನ ಮುಂದೆ ಎಲ್ಲರೂ ಸಮಾನರು. ಹೆಂಡತಿ ಎಂಬ ಕಾರಣಕ್ಕೆ ರಿಯಾಯಿತಿ ತೋರಿಸಿದರೆ ಜನ ಏನಂತಾರೆ?"

"ನೊಣದ ವಿಷಯಕ್ಕೆ ಸಿಟ್ಟಾ?"

"ನೊಣಕ್ಕೂ ಇದಕ್ಕೂ ಸಂಬಂಧವಿಲ್ಲ."

ಅವಳು ಒಳಗೆ ಹೋದಳು. ಇನ್ನೆರಡು ಇಡ್ಲಿ ತಂದು ಬಡಿಸಿದಳು, ಚಟ್ನಿಯನ್ನೂ ಹಾಕಿದಳು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡಸು ಆ ಚಟ್ನಿಯನ್ನು ನೋಡಿಯೇ ಹುಷಾರಾಗಬೇಕಿತ್ತು. ನಾನು ಆಡಳಿತ ಯಶಸ್ವಿಯಾಯಿತು ಎಂದುಕೊಂಡು ಕಾಲೇಜಿಗೆ ಹೋದೆ.

ಗುರುವಾರ ಅಮಾನತು ಮುಗಿಯುತ್ತಿತ್ತು. ಬುಧವಾರ ಸಂಜೆ ನಾನು 'ಶಿಸ್ತು ಮತ್ತು ಸ್ವಾತಂತ್ರ್ಯ' ಎಂಬ ಲೇಖನ ಹಾಕಿದೆ. ಯಾರೂ ಮಾತಾಡಲಿಲ್ಲ. ಅದು ಮಾಮೂಲು. ಆದರೆ ಓಂ ಶಾಂತಿ ಕೂಡ ಬಾರದಿದ್ದಾಗ ಅನುಮಾನ ಬಂದು ಸದಸ್ಯರ ಪಟ್ಟಿ ತೆರೆದೆ. ಒಬ್ಬರಿದ್ದರು. ನಾನು. ಪರೀಕ್ಷೆಗೆಂದು ಮಾಡಿಕೊಂಡ ಖಾತೆಯನ್ನೂ ಸೇರಿಸಿದರೆ ಇಬ್ಬರು.

ಓಬಳರಾಜುವಿಗೆ ಫೋನು ಮಾಡಿದೆ.

"ಏನಪ್ಪಾ, ಪಡಸಾಲೆಯಲ್ಲಿ ಯಾರೂ ಇಲ್ಲ. ಮಷೀನು ಕೆಟ್ಟಿದೆಯಾ?"

"ಲೇದು ಸಾರ್, ಮಷೀನು ಬಾಗಾನೇ ಐತೆ. ಜನ ಎಲ್ಲಾ 'ಹಿತ್ತಲು'ಗೆ ಬಂದ್ಬುಟ್ರು."

"ಯಾವ ಹಿತ್ತಲು?"

"ನನ್ನ ಅಂಗಡೀಲಿ ಹೊಸ ತಾಣ ಹಾಕೀನಿ ಸಾರ್, ಹಿತ್ತಲು ಅಂತ. ಲೋಹಿತಮ್ಮ ಮೇಡಮ್ಮು ಹಾಕ್ಕೊಡು ಅಂದ್ರು. ಪಡಸಾಲೆ ಕೀಲಿ ನನ್ನತ್ರಾನೂ ಐತಲ್ಲ ಸಾರ್, ಅವರ ಖಾತೇನ ಅಲ್ಲಿಗೆ ಸಾಗಿಸ್ದೆ. ನೀವೇ ಕದಾ ಸಾರ್ ಪಾಠ ಹೇಳಿದ್ದು, ಇಷ್ಟ ಇಲ್ದೋರು ಗಂಟು ಕಟ್ಕೊಂಡು ಹೋಗ್ಬೋದು, ಯಾರೂ ಅಡ್ಡ ಹಾಕಂಗಿಲ್ಲ ಅಂತ? ಕರೆಕ್ಟಾಗಿ ಅಂಗೇ ಆಯ್ತು ಸಾರ್. ಒಬ್ಬರ ಹಿಂಬಾಲಕರೂ ಮಿಸ್ ಆಗ್ಲಿಲ್ಲ!"

ಅವನ ದನಿಯಲ್ಲಿ ಹೆಮ್ಮೆಯಿತ್ತು. ವ್ಯವಸ್ಥೆ ನಾನು ವಿವರಿಸಿದಂತೆಯೇ, ಒಂದು ಕೂದಲೂ ಕೊಂಕದಂತೆ ಕೆಲಸ ಮಾಡಿತ್ತು. ಶಾಸ್ತ್ರದ ದೃಷ್ಟಿಯಿಂದ ನನಗೂ ಸಂತೋಷವಾಗಬೇಕಿತ್ತು.

ಒಂದು ವಾರ ನಾನೊಬ್ಬನೇ ಪಡಸಾಲೆಯನ್ನು ಆಳಿದೆ. ಪ್ರಜೆಗಳಿಲ್ಲದ ರಾಜ್ಯದಲ್ಲಿ ಆಡಳಿತ ಸುಲಭ. ಸಂವಿಧಾನಕ್ಕೆ ಎರಡು ತಿದ್ದುಪಡಿ ತಂದೆ, ಅವಿರೋಧವಾಗಿ ಅಂಗೀಕಾರವಾದವು. ಧ್ವನಿ ಸಂದೇಶದ ನಿಷೇಧವನ್ನೂ ತೆಗೆದುಹಾಕಿದೆ. ಅದನ್ನು ತಿಳಿಸಲು ಯಾರೂ ಇರಲಿಲ್ಲ.

ಕಷ್ಟ ಅದಲ್ಲ. ಕಷ್ಟವಾದದ್ದು ಮನೆಯಲ್ಲಿ. ಲೋಹಿತಾ ಫೋನು ನೋಡಿ ಒಬ್ಬಳೇ ನಗುತ್ತಿದ್ದಳು. "ಏನು?" ಎಂದರೆ "ಏನಿಲ್ಲ, ಹಿತ್ತಲಿನ ವಿಷಯ" ಎನ್ನುತ್ತಿದ್ದಳು. ಬಸವಲಿಂಗಯ್ಯ ಅವನ ಜಗಲಿಯಲ್ಲಿ ಕೂತು ಕಿವಿಗೆ ಫೋನು ಹಿಡಿದು ತೊಡೆ ತಟ್ಟಿಕೊಂಡು ನಗುತ್ತಿದ್ದ. ಪಕ್ಕದ ಕೊಟ್ಟಿಗೆಯಿಂದ ಕದರಮ್ಮನ ನಗು ಕೇಳುತ್ತಿತ್ತು. ಸುತ್ತ ನಾಲ್ಕೂ ಕಡೆ ಜನ ನಗುತ್ತಿರುವಾಗ, ಯಾತಕ್ಕೆಂದು ಗೊತ್ತಿಲ್ಲದೆ ನಡುವೆ ಒಬ್ಬನೇ ಕೂತಿರುವುದು ಎಂಥದ್ದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಸವಲಿಂಗಯ್ಯನಿಗೆ ಗೊತ್ತಿದ್ದಿರಬೇಕು. ಹದಿನಾರು ವರ್ಷ.

ಎಂಟನೆಯ ದಿನ ಹಿತ್ತಲಿಗೆ ಅರ್ಜಿ ಹಾಕಿದೆ. ಅಲ್ಲಿ ಸಂವಿಧಾನ ಇರಲಿಲ್ಲ. ಒಂದೇ ನಿಯಮ: ಸೇರುವವರು ತಮ್ಮ ಮನೆಯ ಒಬ್ಬರು ಹೇಗಿದ್ದಾರೆ ಎಂದು, ನೋಡದವರಿಗೂ ಕಾಣುವ ಹಾಗೆ, ಒಂದು ನಿಮಿಷ ಮಾತಾಡಿ ಕಳಿಸಬೇಕು. ಬರೆದರೆ ಆಗದು, ಏಕೆಂದರೆ ಅರ್ಜಿಗಳನ್ನು ಪರಿಶೀಲಿಸುವವರು ಇಬ್ಬರು, ಬಸವಲಿಂಗಯ್ಯ ಮತ್ತು ಕದರಮ್ಮ. ಮಾತು ಬಾರದವರಾದರೆ ಬರೆದು ಕಳಿಸಬಹುದು, ಲೋಹಿತಾ ಓದಿ ಹೇಳುತ್ತಾಳೆ. ನನಗೆ ಮಾತು ಬರುವುದಿಲ್ಲವೆಂದು ಹೇಳಿಕೊಳ್ಳುವ ಹಾಗಿರಲಿಲ್ಲ.

ನಮ್ಮ ಮನೆಯಲ್ಲಿ ಇರುವುದೇ ಇಬ್ಬರು. ಆದ್ದರಿಂದ ಹೆಂಡತಿಯನ್ನು ವರ್ಣಿಸಬೇಕಾಯಿತು. ಅವಳು ಅಂಗಡಿಗೆ ಹೋಗಿದ್ದಳು. ಮುಂದಿನ ಕೋಣೆಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಹೇಳಿದೆ: "ಶ್ರೀಮತಿ ಲೋಹಿತಾ. ಸಾಧಾರಣ ಎತ್ತರ. ಗೋಧಿ ಮೈಬಣ್ಣ. ಉದ್ದ ಜಡೆ. ಸದಾ ಹಸನ್ಮುಖಿ. ವಿಶಾಲವಾದ, ಬಟ್ಟಲಿನಂತಹ ಕಣ್ಣುಗಳು. ಕಣ್ಣು ಮತ್ತು ಲೋಕದ ನಡುವೆ ಯಾವ ಅಡ್ಡಿಯೂ ಇಲ್ಲ..." ಒಂದು ನಿಮಿಷ ತುಂಬುವುದರೊಳಗೆ ನನಗೇ ಕಣ್ಣು ತುಂಬಿಬಂತು. ಕಳಿಸಿದೆ.

ಅರ್ಧ ಗಂಟೆ ಕಳೆಯಿತು. ಕದರಮ್ಮ ಹಾಲಿನ ಕೈಯಲ್ಲೇ ಬಂದರು. ಹಿಂದೆ ಬಸವಲಿಂಗಯ್ಯ.

"ಮೇಷ್ಟ್ರೆ, ನೀವು ಹೇಳಿದ್ದು ಯಾರ್ನ?"

"ಯಾರನ್ನ ಅಂದರೆ? ಲೋಹಿತಾನ."

"ಯಾವ ಲೋಹಿತಮ್ಮನ್ನ? ಈಯಮ್ಮ ಜಡೆ ಕುಯ್ಸಿ ಒಂದು ವರ್ಸ ಆಯ್ತು. ಭುಜದ ಮಟ್ಟಕ್ಕೈತೆ."

ನಾನು ಬಸವಲಿಂಗಯ್ಯನ ಕಡೆ ತಿರುಗಿದೆ, ಬಾಲ್ಯದ ಗೆಳೆಯ ಎಂಬ ಭರವಸೆಯಲ್ಲಿ. ಅವನು ಕೋಲಿನ ಮೇಲೆ ಗದ್ದ ಊರಿಕೊಂಡು, "ಜಡೆ ಇರ್ಲಿ ಬುಡು ಕದರಮ್ಮ. ಲೇ ಪ್ರಭು, ನಿನ್ನ ಹೆಂಡ್ತಿ ಎರಡು ವರ್ಷದಿಂದ ಕನ್ನಡಕ ಹಾಕ್ತಾ ಅವ್ಳೆ ಕಣ್ಲಾ. ಕಪ್ಪು ಫ್ರೇಮು. ಎಡಗಡೆ ಕಡ್ಡಿ ಸಡಿಲ ಆಗಿ ಕೆಂಪು ದಾರ ಸುತ್ತವ್ಳೆ. ಕುರುಡ ನಂಗೇ ಗೊತ್ತು!" ಎಂದ.

ಆ ಹೊತ್ತಿಗೆ ಸರಿಯಾಗಿ ಲೋಹಿತಾ ಚೀಲ ಹಿಡಿದು ಬಾಗಿಲಿಗೆ ಬಂದಳು. ನಾನು ನೋಡಿದೆ. ಕೂದಲು ಭುಜದವರೆಗೆ. ಕಪ್ಪು ಫ್ರೇಮು. ಎಡಗಡೆ ಕಡ್ಡಿಗೆ ಕೆಂಪು ದಾರ. ಎಲ್ಲವೂ ಅವರು ಹೇಳಿದಂತೆಯೇ ಇತ್ತು. ಅವಳು ಮೂವರ ಮುಖವನ್ನೂ ಒಂದೊಂದಾಗಿ ನೋಡಿ, "ಏನಾಯ್ತು?" ಎಂದಳು.

"ಏನಿಲ್ಲ ಕಣಮ್ಮ," ಎಂದರು ಕದರಮ್ಮ. "ಹಿತ್ತಲಿನ ವಿಷ್ಯ."

ಆಮೇಲೆ ಅವಳು ನನ್ನ ಆ ಒಂದು ನಿಮಿಷವನ್ನು ಪೂರ್ತಿ ಕೇಳಿದಳು. ಬಟ್ಟಲಿನಂತಹ ಕಣ್ಣು ಬಂದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ನಕ್ಕಳೋ, ಬೇರೇನೋ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನನ್ನ ನೋಟದ ಮೇಲೆ ನನಗೇ ಅಷ್ಟು ನಂಬಿಕೆ ಉಳಿದಿಲ್ಲ. "ಈ ಕಡ್ಡಿ ಸರಿ ಮಾಡಿಸ್ಕೊಂಡು ಬನ್ನಿ ಅಂತ ಆರು ತಿಂಗಳಿಂದ ಹೇಳ್ತಿದ್ದೀನಿ. 'ಹೂಂ' ಅಂತಿದ್ರಿ. ಯಾವುದಕ್ಕೆ ಹೂಂ ಅಂದುಕೊಂಡ್ರಿ?" ಎಂದಳು.

ಪರಿಶೀಲನಾ ಸಮಿತಿ ಅಲ್ಲೇ ಸಭೆ ಸೇರಿತು. ನನ್ನನ್ನು ಹಿತ್ತಲಿಗೆ ಸೇರಿಸಿಕೊಳ್ಳುವುದು, ಆದರೆ ಸದ್ಯಕ್ಕೆ ಕೇಳುಗನಾಗಿ ಮಾತ್ರ ಎಂದು ತೀರ್ಮಾನವಾಯಿತು.

ಮಾರನೆಯ ದಿನ ಕಾಲೇಜು ಮುಗಿಸಿ, ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಯ ಕನ್ನಡಕದ ಅಂಗಡಿಗೆ ಹೋದೆ. ಆ ಅಂಗಡಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಂಗಡಿಯವರು ಫ್ರೇಮನ್ನು ಕೈಗೆ ತೆಗೆದುಕೊಂಡು, ಕೆಂಪು ದಾರವನ್ನು ನೋಡಿ, ತಲೆಯೆತ್ತಿದರು.

"ಇದು ಹಿತ್ತಲು ಲೋಹಿತಮ್ಮನೋರದ್ದಲ್ವಾ?"

"ಹೌದು. ನಾನು ಅವರ..."

"ಗೊತ್ತಾಯ್ತು ಬುಡಿ ಸಾರ್," ಎಂದು ಅವರು ಸ್ಟೂಲಿನಿಂದ ಇಳಿದು, ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಸಾವಧಾನವಾಗಿ ಒಂದು ಸಲ ನೋಡಿದರು. ಆಮೇಲೆ ಒಳಗಿನ ಕೋಣೆಯ ಕಡೆ ತಿರುಗಿ ಕೂಗಿ ಹೇಳಿದರು:

"ಲೇ ಶಿವಲಕ್ಷ್ಮಿ, ಬಿರ್ರನೆ ಬಾ ಇಲ್ಲಿ! ಆಯಮ್ಮ ಒಂದಕ್ಷರಾನೂ ಸುಳ್ಳು ಬರ್ದಿಲ್ಲ ಕಣೇ!"